ಪರೀಕ್ಷೆಯ ಮೇಜಿನಿಂದ ಪ್ರಾಜೆಕ್ಟ್ ಡೈರೆಕ್ಟರ್ ಕುರ್ಚಿಗೆ

ಇಸ್ರೊದಲ್ಲಿ ಉಪಗ್ರಹ ಯೋಜನೆಯೊಂದರ ಹೊಣೆ ಹೊತ್ತ ಮೊದಲ ಮಹಿಳೆ, ಬೆಂಗಳೂರಿನ ಟಿ.ಕೆ. ಅನುರಾಧಾ. ಅವರ ವೃತ್ತಿಯ ದಾರಿ ನೋಡಿದರೆ, ಬಾಹ್ಯಾಕಾಶ ಕ್ಷೇತ್ರದಲ್ಲಿ ಮುಂದಾಳುಗಳು ಎಲ್ಲಿ ತಯಾರಾಗುತ್ತಾರೆ ಎಂಬುದು ತಿಳಿಯುತ್ತದೆ.

2011ರ ಜುಲೈ 15, ಸಂಜೆ 4 ಗಂಟೆ 48 ನಿಮಿಷ. ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ17 ಮೇಲೆದ್ದಿತು. ಸುಮಾರು ಇಪ್ಪತ್ತು ನಿಮಿಷದಲ್ಲಿ ತಾನು ಹೊತ್ತಿದ್ದ 1,410 ಕಿಲೊ ತೂಕದ ಜಿಸ್ಯಾಟ್‌-12 ಉಪಗ್ರಹವನ್ನು ಕಕ್ಷೆಗೆ ಬಿಟ್ಟಿತು. ಟಿವಿಯ ನೇರ ಪ್ರಸಾರ ಮುಗಿಯಿತು, ರಾಕೆಟ್‌ನವರ ಕೆಲಸವೂ ಮುಗಿಯಿತು. ಉಪಗ್ರಹದವರ ಕೆಲಸ ಶುರುವಾದದ್ದೇ ಆಮೇಲೆ, ಹಾಸನದಲ್ಲಿ.

ಸಂವಹನ ಉಪಗ್ರಹ ಕೂರಬೇಕಾದ ಜಾಗ ಸಮಭಾಜಕದ ನೆತ್ತಿಯ ಮೇಲೆ, ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿ. ಅಲ್ಲಿದ್ದರೆ ಮಾತ್ರ ಭೂಮಿ ತಿರುಗಿದಷ್ಟೇ ವೇಗದಲ್ಲಿ ತಾನೂ ಸುತ್ತುತ್ತ, ನೆಲದ ಡಿಶ್‌ಗಳಿಗೆ ಸದಾ ಒಂದೇ ಕಡೆ ಕಾಣಿಸುತ್ತದೆ. ಪಿಎಸ್‌ಎಲ್‌ವಿಗೆ ಅಷ್ಟು ಎತ್ತರಕ್ಕೆ ಒಯ್ಯುವ ತಾಕತ್ತಿಲ್ಲ. ಅದು ಜಿಸ್ಯಾಟ್‌-12ನ್ನು ಬಿಟ್ಟ ಕಕ್ಷೆಯ ಹತ್ತಿರದ ತುದಿ ಭೂಮಿಯಿಂದ ಬರೀ 284 ಕಿಲೊಮೀಟರ್, ದೂರದ ತುದಿ ಸುಮಾರು 21,000 ಕಿಲೊಮೀಟರ್. ಸಾಲದ್ದಕ್ಕೆ ಆ ಕಕ್ಷೆ ಸಮಭಾಜಕಕ್ಕೆ ಹದಿನೆಂಟು ಡಿಗ್ರಿಯಷ್ಟು ಓರೆಯಾಗಿತ್ತು. ಉಳಿದ ದಾರಿಯನ್ನು ಉಪಗ್ರಹ ತನ್ನದೇ ಎಂಜಿನ್ ಉರಿಸಿಕೊಂಡು ಏರಬೇಕು. ಆ ಎಂಜಿನ್‌ನ ಬಲ 440 ನ್ಯೂಟನ್. ನೆಲದ ಮೇಲೆ ಲೆಕ್ಕ ಹಾಕಿದರೆ 45 ಕಿಲೊ ಭಾರ ಎತ್ತಿ ಹಿಡಿಯುವಷ್ಟು.

ಏರಿಸುವ ಲೆಕ್ಕ ಹೀಗಿದೆ. ಭೂಮಿಗೆ ಹತ್ತಿರ ಬಂದಾಗ ಎಂಜಿನ್ ಉರಿಸಿದರೆ ಕಕ್ಷೆಯ ದೂರದ ತುದಿ ಇನ್ನೂ ಮೇಲೇರುತ್ತದೆ. ದೂರದ ತುದಿಯಲ್ಲಿರುವಾಗ ಉರಿಸಿದರೆ ಹತ್ತಿರದ ತುದಿ ಮೇಲೆ ಬರುತ್ತದೆ. ಕಕ್ಷೆಯ ಓರೆಯನ್ನೂ ಅಲ್ಲೇ ತಿದ್ದಬಹುದು. ಪ್ರತಿ ಸಲವೂ ಯಾವ ಕ್ಷಣಕ್ಕೆ, ಯಾವ ದಿಕ್ಕಿಗೆ, ಎಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡಬೇಕು. ಉರಿಸಿದ ಮೇಲೆ ಕಕ್ಷೆಯನ್ನು ಮತ್ತೆ ಅಳೆದು ಮುಂದಿನ ಸುತ್ತಿನ ಲೆಕ್ಕ ತಿದ್ದಬೇಕು. ದಾರಿಯಲ್ಲಿ ಪೋಲಾದ ಇಂಧನವೆಲ್ಲ ಉಪಗ್ರಹದ ಆಯುಷ್ಯದಿಂದ ಕಳೆದ ಇಂಧನ. ಏಕೆಂದರೆ ಜಾಗಕ್ಕೆ ತಲುಪಿದ ಮೇಲೆ ಅಲ್ಲಿಯೇ ನಿಲ್ಲಲೂ ಅದೇ ತೊಟ್ಟಿಯ ಇಂಧನ ಬೇಕು.

ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ ನಡೆದ ಈ ಏರಿಕೆಯ ಮೂರು ದೊಡ್ಡ ಹೊಣೆಗಳು ಮೂವರು ಮಹಿಳೆಯರ ಹೆಗಲ ಮೇಲಿದ್ದವು. ಪ್ರಾಜೆಕ್ಟ್ ಡೈರೆಕ್ಟರ್ ಟಿ.ಕೆ. ಅನುರಾಧಾ, ಮಿಷನ್ ಡೈರೆಕ್ಟರ್ ಪ್ರಮೋದಾ ಹೆಗ್ಡೆ. ಕಾರ್ಯಾಚರಣೆಯ ನಿರ್ದೇಶಕರೂ ಮಹಿಳೆಯೇ. ಜಿಸ್ಯಾಟ್‌-12 ತನ್ನ ಜಾಗವಾದ 83 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೋಗಿ ಕೂತಿತು. ನೆಲದಿಂದ ಬಂದ ಸಂಕೇತ ಹಿಡಿದು ಮರಳಿ ಕಳಿಸುವ ಅದರ 12 ಟ್ರಾನ್ಸ್‌ಪಾಂಡರ್‌ಗಳು ದೂರಶಿಕ್ಷಣ, ಟೆಲಿಮೆಡಿಸಿನ್, ಗ್ರಾಮ ಸಂಪನ್ಮೂಲ ಕೇಂದ್ರಗಳ ಕೆಲಸಕ್ಕೆ ಒದಗಿದವು.

ಫೋಟೊ ತೋರಿಸಿದ್ದು, ತೋರಿಸದೇ ಹೋದದ್ದು

ಇಸ್ರೊದ ಮಹಿಳೆಯರೆಂದರೆ ಜನಕ್ಕೆ ನೆನಪಾಗುವುದು ಬೇರೆಯದೇ ಚಿತ್ರ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಮಂಗಳನ ಕಕ್ಷೆ ಸೇರಿದ ದಿನ, ರೇಷ್ಮೆ ಸೀರೆಯುಟ್ಟು ಹೂ ಮುಡಿದ ಹೆಂಗಸರು ನಗುತ್ತ ಒಬ್ಬರನ್ನೊಬ್ಬರು ಅಭಿನಂದಿಸುತ್ತಿದ್ದ ಫೋಟೊ ಜಗತ್ತನ್ನೆಲ್ಲ ಸುತ್ತಿತು. ಮಂಗಳಕ್ಕೆ ನೌಕೆ ಕಳಿಸಿದ ವಿಜ್ಞಾನಿಗಳು ಇವರೇ ಎಂದು ಪತ್ರಿಕೆಗಳು ಬರೆದವು. ಅವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೊ ಆಮೇಲೆ ಸ್ಪಷ್ಟಪಡಿಸಿತು. ಯೋಜನೆಯಲ್ಲಿ ದುಡಿದ ಮಹಿಳಾ ಎಂಜಿನಿಯರುಗಳು ನಿಯಂತ್ರಣ ಕೊಠಡಿಯೊಳಗೆ ಇದ್ದದ್ದು ನಿಜ ಎಂದೂ ಹೇಳಿತು. ಆಡಳಿತದವರ ಸಂಭ್ರಮದಲ್ಲಿ ತಪ್ಪೇನಿಲ್ಲ. ನೋಡುವವರ ಕಣ್ಣಿಗೆ ಸಂಭ್ರಮ ಕಂಡಿತು, ಕೆಲಸ ಕಾಣಲಿಲ್ಲ. ಅದಕ್ಕೂ ಮೂರು ವರ್ಷ ಹಿಂದೆ ಹಾಸನದಲ್ಲಿ ಮೂವರು ಮಹಿಳೆಯರು ಒಂದು ಉಪಗ್ರಹವನ್ನು 36,000 ಕಿಲೊಮೀಟರಿಗೆ ಏರಿಸಿದ್ದರೂ ಅಂಥ ಒಂದು ಚಿತ್ರ ಜನರ ನೆನಪಿನಲ್ಲಿ ಉಳಿಯಲಿಲ್ಲ.

ಅನುರಾಧಾ ಅವರ ವೃತ್ತಿಯ ಬಹುಭಾಗ ಫೋಟೊಗೆ ಸಿಗದ ಜಾಗದಲ್ಲೇ ಕಳೆದಿದೆ. ಅವರನ್ನು ಪ್ರಾಜೆಕ್ಟ್ ಡೈರೆಕ್ಟರ್ ಮಾಡಿದ್ದೂ ಆ ಜಾಗವೇ ಇರಬೇಕು.

ಚಂದ್ರನ ಮೇಲೆ ಒಂದು ಕವಿತೆ

1969ರ ಜುಲೈನಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಅನುರಾಧಾ ಅವರಿಗೆ ಒಂಬತ್ತು ವರ್ಷ. ಬೆಂಗಳೂರಿನಲ್ಲಿ ಆಗ ಟಿವಿ ಇರಲಿಲ್ಲ. ಊರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ. ಚಂದ್ರನ ಮೇಲೆ ಮನುಷ್ಯ ನಡೆದದ್ದನ್ನು ಇಲ್ಲಿನ ಮಕ್ಕಳು ಕೇಳಿ ತಿಳಿದವರು, ನೋಡಿದವರಲ್ಲ. ಗಗನಯಾತ್ರಿ ಎಂಬೊಬ್ಬ ಇರುತ್ತಾನೆ ಎಂಬುದೇ ಆ ಹುಡುಗಿಗೆ ಹೊಸ ಸುದ್ದಿ. ಆ ಹುರುಪಿನಲ್ಲಿ, ಚಂದ್ರನ ಮೇಲೆ ಇಳಿದ ಮನುಷ್ಯನ ಬಗ್ಗೆ ಕನ್ನಡದಲ್ಲಿ ಒಂದು ಕವಿತೆ ಬರೆದಳು. ಇದನ್ನು ಅನುರಾಧಾ ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಅದಾದ ಒಂದು ತಿಂಗಳೊಳಗೆ, ಆಗಸ್ಟ್ 15ರಂದು, ಇಸ್ರೊ ಹುಟ್ಟಿತು.

ಶಾಲೆಯಲ್ಲಿ ಬಾಯಿಪಾಠದ ವಿಷಯಗಳು ಅವರಿಗೆ ಒಗ್ಗಲಿಲ್ಲ. ತರ್ಕ ಹಿಡಿದು ಬಿಡಿಸಬಹುದಾದದ್ದು ಇಷ್ಟವಾಯಿತು. ಹಾಗಾಗಿ ಎಂಜಿನಿಯರಿಂಗ್. ಕೆ.ಆರ್. ವೃತ್ತದ ಯುವಿಸಿಇಯಲ್ಲಿ, ಅಂದರೆ ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಕಾಲೇಜಿನಲ್ಲಿ, ಎಲೆಕ್ಟ್ರಾನಿಕ್ಸ್ ಓದಿದರು. 1982ರಲ್ಲಿ ಇಸ್ರೊ ಸೇರಿದರು.

ಬೆಂಗಳೂರಿಗೆ ಮಹಿಳಾ ಎಂಜಿನಿಯರ್ ಎಂಬುದು ಆ ಹೊತ್ತಿಗೆ ಅಪರೂಪವೇ ಹೊರತು ಹೊಸತಾಗಿರಲಿಲ್ಲ. ಅದೇ 1982ರಲ್ಲಿ, ಊರಿನ ಇನ್ನೊಂದು ಮೂಲೆಯಲ್ಲಿದ್ದ ಭಾರತೀಯ ವಿಜ್ಞಾನ ಸಂಸ್ಥೆಯಿಂದ ರಾಜೇಶ್ವರಿ ಚಟರ್ಜಿ ನಿವೃತ್ತರಾದರು. ಕರ್ನಾಟಕದಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕದ ಮಿಷಿಗನ್‌ಗೆ ಹೋಗಿ, ಡಾಕ್ಟರೇಟ್ ಮುಗಿಸಿ 1953ರಲ್ಲಿ ಮರಳಿ, ಮೈಕ್ರೋವೇವ್ ಮತ್ತು ಆಂಟೆನಾ ವಿಷಯವನ್ನು ದಶಕಗಳ ಕಾಲ ಕಲಿಸಿದವರು ಅವರು. ಉಪಗ್ರಹ ಭೂಮಿಯ ಜೊತೆ ಮಾತಾಡುವುದು ಮೈಕ್ರೋವೇವ್ ಮತ್ತು ಆಂಟೆನಾಗಳ ಮೂಲಕವೇ. ಒಬ್ಬರು ಪಾಠ ಮುಗಿಸಿ ಹೊರಟ ವರ್ಷ ಇನ್ನೊಬ್ಬರು ಆ ವಿದ್ಯೆ ಬಳಸುವ ಕಡೆ ಕೆಲಸಕ್ಕೆ ಸೇರಿದರು. ಇಬ್ಬರಿಗೂ ನೇರ ನಂಟು ಇತ್ತೆಂದು ಹೇಳಬೇಕಾಗಿಲ್ಲ. ಊರಿಗೆ ಆ ವಿದ್ಯೆಯ ಪರಂಪರೆ ಇತ್ತು ಎಂದರೆ ಸಾಕು.

ಅನುರಾಧಾ ಅವರ ಜೊತೆ ಆ ವರ್ಷ ಇಸ್ರೊ ಸೇರಿದ ಮಹಿಳಾ ಎಂಜಿನಿಯರುಗಳು ಐದಾರು ಮಂದಿ.

ಇನ್ಸಾಟ್‌-1ಎ ಕಲಿಸಿದ ಪಾಠ

ಅವರು ಕೆಲಸಕ್ಕೆ ಸೇರಿದ ವರ್ಷವೇ ದೇಶಕ್ಕೆ ಉಪಗ್ರಹದ ವಿಷಯದಲ್ಲಿ ದೊಡ್ಡ ಪೆಟ್ಟು ಬಿತ್ತು. ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಟ್ಟಿಕೊಟ್ಟ ಇನ್ಸಾಟ್‌-1ಎ ಏಪ್ರಿಲ್ 10ರಂದು ಮೇಲೆ ಹೋಯಿತು. ಮೊದಲಿಂದಲೂ ತೊಂದರೆ. ಆಂಟೆನಾ ಬಿಚ್ಚಿಕೊಳ್ಳಲು ಸತಾಯಿಸಿತು, ಸಮತೋಲಕ್ಕೆಂದು ಇಟ್ಟ ಸೌರಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ ಹೊತ್ತಿಗೆ ದಿಕ್ಕು ಕಾಯ್ದುಕೊಳ್ಳುವ ಇಂಧನ ಖಾಲಿಯಾಗಿ ಉಪಗ್ರಹವನ್ನು ಕೈಬಿಡಬೇಕಾಯಿತು. ಏಳು ವರ್ಷ ಬಾಳಬೇಕಾದದ್ದು ಐದು ತಿಂಗಳೂ ಬಾಳಲಿಲ್ಲ. ಹಾಸನದ ನಿಯಂತ್ರಣ ಕೇಂದ್ರ ಶುರುವಾದದ್ದೂ ಅದೇ ವರ್ಷ. ಅಲ್ಲಿನವರು ಕೆಲಸ ಕಲಿತದ್ದು ಕೈತಪ್ಪಿದ ಉಪಗ್ರಹದ ಜೊತೆ ಹೆಣಗಾಡುತ್ತ.

ಕಾರು ಕೆಟ್ಟರೆ ಗ್ಯಾರೇಜಿಗೆ ಒಯ್ಯಬಹುದು. 36,000 ಕಿಲೊಮೀಟರ್ ಮೇಲೆ ಒಂದು ಕೀಲು ಸಿಕ್ಕಿಹಾಕಿಕೊಂಡರೆ ಹೋಗಿ ತಟ್ಟಿ ಬಿಡಿಸುವವರಿಲ್ಲ. ಉಪಗ್ರಹದಲ್ಲಿ ತಪ್ಪು ಇದ್ದರೆ ಅದನ್ನು ನೆಲದ ಮೇಲಿರುವಾಗಲೇ ಹಿಡಿಯಬೇಕು. ಹಿಡಿಯುವ ಆ ಕೆಲಸಕ್ಕೆ ಉಪಗ್ರಹದವರ ನಡುವೆ ಚೆಕ್‌ಔಟ್ ಎಂದು ಹೆಸರು. ಅನುರಾಧಾ ಅವರ ಕ್ಷೇತ್ರ ಅದೇ.

ಚೆಕ್‌ಔಟ್‌ನ ಕೆಲಸ ಹೊರಗಿನಿಂದ ನೋಡಿದರೆ ಏಕತಾನದ್ದು. ಕ್ಲೀನ್ ರೂಮಿನಲ್ಲಿ ಉಪಗ್ರಹ ನಿಂತಿರುತ್ತದೆ. ಪಕ್ಕದ ಕೋಣೆಯ ಕಂಪ್ಯೂಟರುಗಳಿಂದ ಅದಕ್ಕೆ ಒಂದೊಂದೇ ಆದೇಶ ಹೋಗುತ್ತದೆ. ಸ್ವಿಚ್ ಬಿತ್ತೇ, ವೋಲ್ಟೇಜ್ ಎಷ್ಟು, ಉಷ್ಣಾಂಶ ಎಷ್ಟು ಎಂದು ಉಪಗ್ರಹ ಕಳಿಸುವ ಟೆಲಿಮೆಟ್ರಿಯನ್ನು ಬರಬೇಕಾದ ಅಂಕಿಯ ಜೊತೆ ತಾಳೆ ನೋಡುತ್ತಾರೆ. ಬಿಡಿ ಪೆಟ್ಟಿಗೆಗಳಾಗಿದ್ದಾಗ ಒಂದು ಸಲ, ಜೋಡಿಸಿದ ಮೇಲೆ ಒಂದು ಸಲ. ಆಮೇಲೆ ಗಾಳಿಯೆಲ್ಲ ಹೊರಗೆಳೆದ ದೊಡ್ಡ ಥರ್ಮೋವ್ಯಾಕ್ ಕೋಣೆಯೊಳಗಿಟ್ಟು, ಕಾಯಿಸಿ, ತಣಿಸಿ ಮತ್ತೊಮ್ಮೆ. ರಾಕೆಟ್‌ನ ಅದುರನ್ನೂ ಸದ್ದನ್ನೂ ತಾಳಿಕೊಳ್ಳುವುದೇ ಎಂದು ಕುಲುಕಿಸಿದ ಮೇಲೆ ಇನ್ನೊಮ್ಮೆ. ಎಲ್ಲ ಅಂಕಿಗಳೂ ಸರಿ ಇದ್ದು ಒಂದೇ ಒಂದು ಕೊಂಚ ಆಚೀಚೆ ಇದ್ದರೆ, ಅದು ಅಳತೆಯ ದೋಷವೋ ಉಪಗ್ರಹದ ದೋಷವೋ ಗೊತ್ತಾಗುವವರೆಗೆ ಯಾರೂ ಮುಂದಕ್ಕೆ ಹೋಗುವಂತಿಲ್ಲ.

ಇದರಲ್ಲೊಂದು ಸೂಕ್ಷ್ಮವಿದೆ. ಬ್ಯಾಟರಿ ಮಾಡುವವರಿಗೆ ಬ್ಯಾಟರಿ ಗೊತ್ತು, ಆಂಟೆನಾದವರಿಗೆ ಆಂಟೆನಾ ಗೊತ್ತು. ಚೆಕ್‌ಔಟ್‌ನ ಮೇಜಿನಲ್ಲಿ ಕೂತವರಿಗೆ ಇಡೀ ಉಪಗ್ರಹ ಗೊತ್ತಿರಬೇಕು. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಉಪಗ್ರಹ ಪ್ರತಿರಾತ್ರಿ ಭೂಮಿಯ ನೆರಳಿಗೆ ಬೀಳುತ್ತದೆ, ಹೆಚ್ಚೆಂದರೆ ಎಪ್ಪತ್ತು ನಿಮಿಷದಷ್ಟು ಹೊತ್ತು. ಆಗ ಬ್ಯಾಟರಿಯೇ ಗತಿ. ಬ್ಯಾಟರಿ ತಣ್ಣಗಾಗದಂತೆ ಹೀಟರ್ ಹೊತ್ತಿಸಬೇಕು. ಹೀಟರ್ ತಿನ್ನುವುದು ಅದೇ ಬ್ಯಾಟರಿಯ ವಿದ್ಯುತ್ತನ್ನು. ಟ್ರಾನ್ಸ್‌ಪಾಂಡರ್‌ಗಳು ನಿಲ್ಲುವಂತಿಲ್ಲ. ಒಂದರ ಬೇಡಿಕೆ ಇನ್ನೊಂದರ ಕೊರತೆಯಾಗುವುದು ಎಲ್ಲಿ ಎಂದು ಕಾಣುವುದು ಇಡೀ ವ್ಯವಸ್ಥೆಯನ್ನು ಓಡಿಸಿ ನೋಡಿದವರಿಗೆ ಮಾತ್ರ. ಯಾವ ತಂಡ ಏನು ಹೇಳುತ್ತಿದೆ, ಏನನ್ನು ಮುಚ್ಚಿಡುತ್ತಿದೆ, ಯಾವ ಆತಂಕ ನಿಜ, ಯಾವುದು ಅತಿಯಾದದ್ದು ಎಂಬ ಅಂದಾಜೂ ಅವರಿಗೇ ಹೆಚ್ಚು. ಪ್ರಾಜೆಕ್ಟ್ ಡೈರೆಕ್ಟರಿಗೆ ಬೇಕಾದದ್ದು ಇದೇ ಅಲ್ಲವೇ?

2003ರಲ್ಲಿ ಭಾರತೀಯ ಗಗನಯಾನ ಸಂಘ ಅನುರಾಧಾ ಅವರಿಗೆ ಚಿನ್ನದ ಪದಕ ಕೊಟ್ಟಿತು. ಅವರು ಯೋಜನೆಯ ನಾಯಕಿಯಾಗಿ ಸುದ್ದಿಯಾಗಲು ಇನ್ನೂ ಎಂಟು ವರ್ಷ ಇತ್ತು.

ಇಕ್ಕಟ್ಟಿನ ಹೊತ್ತಿನಲ್ಲಿ ಬಂದ ಹೊಣೆ

ಜಿಸ್ಯಾಟ್‌-12 ಹೊರಟ ಕಾಲ ಇಸ್ರೊಗೆ ಸುಖದ ಕಾಲವಲ್ಲ. ಭಾರದ ಸಂವಹನ ಉಪಗ್ರಹ ಒಯ್ಯಬೇಕಾದ ಜಿಎಸ್‌ಎಲ್‌ವಿ ರಾಕೆಟ್ 2010ರಲ್ಲಿ ಎರಡು ಸಲ ಸೋತಿತ್ತು. ಏಪ್ರಿಲ್ 15ರಂದು ಜಿಸ್ಯಾಟ್‌-4 ಹೋಯಿತು. ಡಿಸೆಂಬರ್ 25ರಂದು ಕೆಲವು ಕನೆಕ್ಟರ್‌ಗಳು ಹೊತ್ತಿಗೆ ಮುನ್ನ ಕಳಚಿಕೊಂಡು, ರಾಕೆಟ್ಟಿನ ಜೊತೆ ಜಿಸ್ಯಾಟ್‌-5ಪಿ ಕೂಡ ಬಂಗಾಳಕೊಲ್ಲಿಯ ಮೇಲೆ ಛಿದ್ರವಾಯಿತು. ಇತ್ತ 2000ದಲ್ಲಿ ಹಾರಿಸಿದ್ದ ಇನ್ಸಾಟ್‌-3ಬಿಗೆ ವಯಸ್ಸಾಗಿತ್ತು, ಟ್ರಾನ್ಸ್‌ಪಾಂಡರ್‌ಗಳಿಗೆ ಬೇಡಿಕೆ ಏರುತ್ತಲೇ ಇತ್ತು.

ಇನ್ಸಾಟ್‌-3ಬಿಯ ಜಾಗ ತುಂಬಬೇಕಾದ ಜಿಸ್ಯಾಟ್‌-12 ಪಿಎಸ್‌ಎಲ್‌ವಿ ಹೊರುವಷ್ಟು ಹಗುರವಾಗಿರಬೇಕಿತ್ತು. ಪಿಎಸ್‌ಎಲ್‌ವಿ ನಂಬಿಕೆಯ ರಾಕೆಟ್. 2002ರಲ್ಲಿ ಹವಾಮಾನದ ಉಪಗ್ರಹವೊಂದನ್ನು ಎತ್ತರದ ಕಕ್ಷೆಯ ದಾರಿಗೆ ಹಚ್ಚಿದ ಅನುಭವ ಅದಕ್ಕಿತ್ತು. ಆ ಉಪಗ್ರಹಕ್ಕೆ ಮರುವರ್ಷ ಕಲ್ಪನಾ ಚಾವ್ಲಾ ಅವರ ಹೆಸರಿಟ್ಟರು. ಆದರೆ ರಾಕೆಟ್ ಕಡಿಮೆ ಎತ್ತರಕ್ಕೆ ಬಿಟ್ಟಷ್ಟೂ ಉಪಗ್ರಹ ತಾನೇ ಏರಬೇಕಾದ ದಾರಿ ಹೆಚ್ಚು, ತುಂಬಬೇಕಾದ ಇಂಧನ ಹೆಚ್ಚು. ತೂಕಕ್ಕೆ ಮಾತ್ರ ಮೇಲ್ಮಿತಿ. ಈ ಹಗ್ಗಜಗ್ಗಾಟದ ನಡುವೆ ಬೆಂಗಳೂರಿನ ಉಪಗ್ರಹ ಕೇಂದ್ರ, ಪೇಲೋಡ್ ಮಾಡುವ ಅಹಮದಾಬಾದ್, ರಾಕೆಟ್ ಮಾಡುವ ತಿರುವನಂತಪುರ, ಹಾರಿಸುವ ಶ್ರೀಹರಿಕೋಟಾ, ಕಕ್ಷೆಗೆ ಏರಿಸುವ ಹಾಸನ ಇವೆಲ್ಲವನ್ನೂ ಒಂದೇ ವೇಳಾಪಟ್ಟಿಗೆ ತರುವುದು ಪ್ರಾಜೆಕ್ಟ್ ಡೈರೆಕ್ಟರ್ ಕೆಲಸ. ಈ ಹುದ್ದೆಗೆ ಅಧಿಕಾರಕ್ಕಿಂತ ಉತ್ತರದಾಯಿತ್ವ ದೊಡ್ಡದು. ವಿನ್ಯಾಸದ ರಿವ್ಯೂ, ಸಾಗಿಸುವ ಮುನ್ನ ರಿವ್ಯೂ, ಉಡಾವಣೆಗೆ ಮುನ್ನ ರಿವ್ಯೂ, ಹೀಗೆ ಒಂದಾದ ಮೇಲೊಂದು. ಹಿರಿಯರು ಕೇಳುವ ಪ್ರಶ್ನೆಗಳಿಗೆಲ್ಲ ದಾಖಲೆ ಇಟ್ಟು ಉತ್ತರ ಹೇಳಬೇಕು. ಅಲ್ಲಿ ಗಂಟಲು ದೊಡ್ಡದಿದ್ದವರು ಗೆಲ್ಲುವುದಿಲ್ಲ. ಅಂಕಿ ಕೈಯಲ್ಲಿದ್ದವರು ಗೆಲ್ಲುತ್ತಾರೆ. ಸುಮಾರು ಮೂವತ್ತು ವರ್ಷ ಅಂಕಿಗಳನ್ನು ಅನುಮಾನಿಸುತ್ತ ಬಂದವರಿಗೆ ಅದು ಪರಿಚಿತ ಅಂಗಳ.

ಮರುವರ್ಷ ಅನುರಾಧಾ ಅವರ ಪಾಲಿಗೆ ಇನ್ನೂ ದೊಡ್ಡ ಉಪಗ್ರಹ ಬಂತು. 3,400 ಕಿಲೊ ತೂಕದ, 30 ಟ್ರಾನ್ಸ್‌ಪಾಂಡರ್‌ಗಳ ಜಿಸ್ಯಾಟ್‌-10. ವಿಮಾನಗಳಿಗೆ ದಾರಿ ತೋರುವ ಗಗನ್ ವ್ಯವಸ್ಥೆಯ ಪೇಲೋಡ್ ಕೂಡ ಅದರಲ್ಲಿತ್ತು. 2012ರ ಸೆಪ್ಟೆಂಬರ್ 29ರಂದು ಫ್ರೆಂಚ್ ಗಯಾನಾದ ಕೌರುವಿನಿಂದ ಏರಿಯಾನ್‌-5 ಅದನ್ನು ಒಯ್ದಿತು. ಆಮೇಲೆ ಅನುರಾಧಾ ಜಿಯೋಸ್ಯಾಟ್ ಕಾರ್ಯಕ್ರಮದ ನಿರ್ದೇಶಕಿಯಾದರು. ಒಂದು ಉಪಗ್ರಹದ ಬದಲು ಉಪಗ್ರಹಗಳ ಸಾಲು. ಜಿಸ್ಯಾಟ್‌-18, 9 ಮತ್ತು 17 ಆ ಅವಧಿಯವು. ಇದರಲ್ಲಿ ಜಿಸ್ಯಾಟ್‌-9 ನೆರೆದೇಶಗಳಿಗೆಂದು 2017ರ ಮೇ 5ರಂದು ಹಾರಿಸಿದ ದಕ್ಷಿಣ ಏಷ್ಯಾ ಉಪಗ್ರಹ.

ಮನೆಯ ಪ್ರಶ್ನೆ

ಮಹಿಳಾ ಎಂಜಿನಿಯರನ್ನು ಮಾತಾಡಿಸಲು ಹೋದವರು ಮನೆಯನ್ನು ಹೇಗೆ ನಿಭಾಯಿಸಿದಿರಿ ಎಂದು ಕೇಳದೆ ಎದ್ದು ಬರುವುದಿಲ್ಲ. ಅನುರಾಧಾ ಅವರಿಗೂ ಈ ಪ್ರಶ್ನೆ ಬಂದಿದೆ. ಗಂಡ, ಅತ್ತೆ, ಮಾವ ಜೊತೆಗಿದ್ದರು, ಹಾಗಾಗಿ ಮಕ್ಕಳ ಚಿಂತೆ ಹೆಚ್ಚಾಗಿ ಕಾಡಲಿಲ್ಲ ಎಂದು ಅವರು ಹೇಳಿದ್ದಾರೆ. ಕಚೇರಿಗೆ ತಾನು ಬೇಕಾದಾಗ ಅಲ್ಲಿದ್ದೆ, ಮನೆಗೆ ಬೇಕೇಬೇಕಾದಾಗ ಮನೆಯಲ್ಲಿದ್ದೆ, ಏನನ್ನಾದರೂ ಬಿಟ್ಟುಕೊಡದೆ ಇದು ನಡೆಯುವುದಿಲ್ಲ ಎಂಬುದು ಅವರ ಉತ್ತರದ ತಿರುಳು. ಹೆಣ್ಣೆಂದು ಇಸ್ರೊದಲ್ಲಿ ವಿಶೇಷ ಮರ್ಯಾದೆಯೂ ಇಲ್ಲ, ತಾರತಮ್ಯವೂ ಇಲ್ಲ ಎಂದೂ ಅವರು ಹೇಳಿದ್ದುಂಟು.

ಈ ಮಾತನ್ನು ನಂಬೋಣ. ಆದರೂ ಒಂದು ಅಂಶ ಉಳಿಯುತ್ತದೆ. ಕಕ್ಷೆ ಏರಿಸುವ ದಿನಗಳಲ್ಲಿ ಹಗಲು ರಾತ್ರಿ ಎಂಬುದಿಲ್ಲ. ಥರ್ಮೋವ್ಯಾಕ್ ಪರೀಕ್ಷೆ ಶುರುವಾದರೆ ದಿನಗಟ್ಟಲೆ ಪಾಳಿಯಲ್ಲಿ ಕಾಯಬೇಕು. ಬೆಂಗಳೂರು ಬಿಟ್ಟು ಹಾಸನದಲ್ಲೋ ಶ್ರೀಹರಿಕೋಟಾದಲ್ಲೋ ಉಳಿಯಬೇಕು. ಅತ್ತೆ ಮಾವ ಮನೆಯಲ್ಲಿರುವ ಎಂಜಿನಿಯರಿಗೆ ಇದು ಸಾಧ್ಯವಾಗಿ, ಇಲ್ಲದವರಿಗೆ ಆಗದೇ ಹೋದರೆ, ಸಂಸ್ಥೆಯ ನಾಯಕತ್ವ ಮನೆಗಳ ಅದೃಷ್ಟದ ಮೇಲೆ ನಿಂತಂತೆ. ಪುರುಷ ಪ್ರಾಜೆಕ್ಟ್ ಡೈರೆಕ್ಟರಿಗೂ ಮನೆಯಲ್ಲಿ ಯಾರೋ ಮಕ್ಕಳನ್ನು ನೋಡಿಕೊಂಡಿರುತ್ತಾರೆ. ಅದನ್ನು ಯಾರೂ ಕೇಳದ ಕಾರಣ ಅದು ಸವಲತ್ತು ಎಂದು ಎಣಿಕೆಗೆ ಬರುವುದಿಲ್ಲ, ಅಷ್ಟೆ.

ಬಾಗಿಲು ತೆರೆದ ಮೇಲೆ

ಇಸ್ರೊ ಹುಟ್ಟಿ ಮೊದಲ ಮಹಿಳಾ ಪ್ರಾಜೆಕ್ಟ್ ಡೈರೆಕ್ಟರಿನ ಉಪಗ್ರಹ ಹಾರಲು 42 ವರ್ಷ ಹಿಡಿಯಿತು. ಎರಡನೆಯದಕ್ಕೆ ಒಂದು ವರ್ಷವೂ ಬೇಕಾಗಲಿಲ್ಲ. 2012ರ ಏಪ್ರಿಲ್ 26ರಂದು, ಮೋಡದ ಮೂಲಕವೂ ನೆಲ ನೋಡಬಲ್ಲ ಸ್ವದೇಶಿ ರಾಡಾರ್ ಉಪಗ್ರಹ ರೀಸ್ಯಾಟ್‌-1 ಹಾರಿತು. ಅದರ ನಾಯಕಿ ತಮಿಳುನಾಡಿನ ಅರಿಯಲೂರಿನ ಎನ್. ವಲರ್ಮತಿ. ಮಂಗಳಯಾನದಲ್ಲಿ ನಂದಿನಿ ಹರಿನಾಥ್ ಮತ್ತು ರಿತು ಕರಿಧಾಲ್ ಉಪ ಕಾರ್ಯಾಚರಣಾ ನಿರ್ದೇಶಕಿಯರಾದರು. 2019ರ ಚಂದ್ರಯಾನ‌-2ಕ್ಕೆ ಪ್ರಾಜೆಕ್ಟ್ ಡೈರೆಕ್ಟರ್ ಎಂ. ವನಿತಾ, ಮಿಷನ್ ಡೈರೆಕ್ಟರ್ ರಿತು ಕರಿಧಾಲ್. ಚಂದ್ರಯಾನ‌-3ರಲ್ಲಿ ಸಹ ಯೋಜನಾ ನಿರ್ದೇಶಕಿ ಕೆ. ಕಲ್ಪನಾ. ಸೂರ್ಯನತ್ತ ಹೊರಟ ಆದಿತ್ಯ‌-ಎಲ್1ಕ್ಕೆ ಪ್ರಾಜೆಕ್ಟ್ ಡೈರೆಕ್ಟರ್ ನಿಗರ್ ಶಾಜಿ. ಇಂದು ಇಸ್ರೊ ಯೋಜನೆಗೆ ಮಹಿಳೆ ನಾಯಕಿ ಎಂಬುದು ಸುದ್ದಿಯ ತಲೆಬರಹ ಆಗಬೇಕಾಗಿಲ್ಲ.

ಇದಕ್ಕೂ ಮೇಲಿನ ಮೆಟ್ಟಿಲಿನ ಕತೆ ಬೇರೆ. 2016ರ ಸುಮಾರಿಗೆ ಇಸ್ರೊ ಸಿಬ್ಬಂದಿಯಲ್ಲಿ ಮಹಿಳೆಯರು ನೂರಕ್ಕೆ 20ರಿಂದ 25 ಎಂದು ಅನುರಾಧಾ ಅವರೇ ಅಂದಾಜು ಹೇಳಿದ್ದರು. ವಿಕ್ರಮ್ ಸಾರಾಭಾಯಿ ಅವರಿಂದ ಶುರುವಾದ ಅಧ್ಯಕ್ಷರ ಸಾಲಿನಲ್ಲಿ ಈವರೆಗೆ ಒಬ್ಬ ಮಹಿಳೆಯ ಹೆಸರೂ ಇಲ್ಲ.

ಆ ಹೆಸರು ಯಾವಾಗ ಬಂದೀತು? ಅನುರಾಧಾ ಅವರು ಕೆಲಸಕ್ಕೆ ಸೇರಿದ್ದು 1982ರಲ್ಲಿ, ಅವರ ಮೊದಲ ಉಪಗ್ರಹ ಹಾರಿದ್ದು 2011ರಲ್ಲಿ. ನಡುವೆ 29 ವರ್ಷ. ಇಂಥ ಸಂಸ್ಥೆಗಳಲ್ಲಿ ನಾಯಕರು ಹೊರಗಿನಿಂದ ಹಾರಿ ಬರುವುದಿಲ್ಲ, ಒಳಗೇ ಬೆಳೆಯುತ್ತಾರೆ. ಇನ್ನು ಇಪ್ಪತ್ತೈದು ವರ್ಷಕ್ಕೆ ಅಧ್ಯಕ್ಷೆಯಾಗಬಲ್ಲ ಹುಡುಗಿ ಈಗಾಗಲೇ ಎಲ್ಲೋ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದಾಯಿತು. ಅವಳಿಗೆ ಸ್ಫೂರ್ತಿಯ ಭಾಷಣ ಬೇಕಿಲ್ಲ, ಮಹಿಳಾ ದಿನಾಚರಣೆಯ ಸನ್ಮಾನವೂ ಬೇಕಿಲ್ಲ. ಅವಳಿಗೆ ಯಾವ ವಿಭಾಗ ಕೊಟ್ಟಿದ್ದಾರೆ ಎಂಬುದೇ ಮುಖ್ಯ. ಒಂದೇ ಪೆಟ್ಟಿಗೆಯ ವಿನ್ಯಾಸದಲ್ಲಿ ಇಪ್ಪತ್ತು ವರ್ಷ ಕೂರಿಸಿದರೆ ಆ ಪೆಟ್ಟಿಗೆಯ ಪಂಡಿತೆಯಾಗಿ ನಿವೃತ್ತಳಾಗುತ್ತಾಳೆ. ಇಡೀ ಉಪಗ್ರಹ ಕಾಣುವ ಕಡೆ, ಪರೀಕ್ಷೆಯ ಮೇಜಿನಲ್ಲಿ, ಹಾಸನದ ರಾತ್ರಿಪಾಳಿಯಲ್ಲಿ, ರಿವ್ಯೂ ಸಭೆಯಲ್ಲಿ ಪ್ರಶ್ನೆ ಕೇಳುವವರ ಸಾಲಿನಲ್ಲಿ ಕೂರಿಸಿದರೆ, ಆಗಬೇಕಾದ್ದು ಆಗುತ್ತದೆ. ಹೊಸ ಎಂಜಿನಿಯರುಗಳ ಪೋಸ್ಟಿಂಗ್ ಪಟ್ಟಿ ತಯಾರಿಸುವವರು ಮುಂದಿನ ಅಧ್ಯಕ್ಷರನ್ನೂ ಇವತ್ತೇ ಆರಿಸುತ್ತಿದ್ದಾರೆ. ಆ ಪಟ್ಟಿಗೆ ಸಹಿ ಹಾಕುವಾಗ ಇದು ನೆನಪಿದ್ದರೆ ಸಾಕು.